ಕೊಳಗ ಬದಲಾದರೆ ರಾಶಿ ಹೆಚ್ಚುತ್ತದೆಯೇ?

ದೇಶದ ಆದಾಯ ಅಳೆಯುವ ಕೊಳಗವನ್ನು ದೆಹಲಿ ಬದಲಾಯಿಸಲು ಮುಂದಾಯಿತು. ಹತ್ತು ವರ್ಷಕ್ಕೂ ಮೀರಿ 2011-12ನೇ ಸಾಲನ್ನು ಆಧಾರ ವರ್ಷವಾಗಿ ಹಿಡಿದು ರಾಷ್ಟ್ರೀಯ ಉತ್ಪನ್ನದ ಲೆಕ್ಕ ಹಾಕುತ್ತಿದ್ದ ಕೇಂದ್ರ ಅಂಕಿಅಂಶ ಮಂತ್ರಾಲಯ, ಅದನ್ನು ಬಿಟ್ಟು 2022-23ನ್ನು ಆರಿಸಿಕೊಂಡಿತು. ಹೊಸ ಲೆಕ್ಕ ಹೊರಡಿಸಲು 2026ರ ಫೆಬ್ರುವರಿ 27ನ್ನು ಗೊತ್ತುಮಾಡಿತು. ಇಂಥ ಸುದ್ದಿ ಪತ್ರಿಕೆಯ ವ್ಯಾಪಾರದ ಪುಟದಲ್ಲಿ ಬರುತ್ತದೆ. ನಮ್ಮ ರೈತ ಆ ಪುಟ ಮಗುಚಿ ಹಾಕಿ, ಪೇಟೆ ಧಾರಣೆ ಎಲ್ಲಿದೆ ಅಂತ ಹುಡುಕುತ್ತಾನೆ. ‘ಇದಕ್ಕೂ ನಮಗೂ ಏನಪ್ಪಾ ಸಂಬಂಧ?’ ಅನ್ನುತ್ತಾನೆ.

ಸಂಬಂಧ ಇದೆ. ಬಹಳ ಇದೆ. ಕೃಷಿ ಇಷ್ಟು ಪರ್ಸೆಂಟು ಬೆಳೆಯಿತು, ರೈತ ಸುಖವಾಗಿದ್ದಾನೆ ಅಂತ ಮಂತ್ರಿಗಳು ಭಾಷಣ ಬಿಗಿಯುವುದು ಈ ಲೆಕ್ಕದ ಮೇಲೆಯೇ. ಆದ್ದರಿಂದ ಈ ಲೆಕ್ಕ ಏನನ್ನು ಅಳೆಯುತ್ತದೆ, ಏನನ್ನು ಅಳೆಯೋದಿಲ್ಲ ಅನ್ನುವುದನ್ನು ನಾವು ತಿಳಿದುಕೊಳ್ಳಲೇಬೇಕು.

ಆಧಾರ ವರ್ಷ ಅಂದರೆ ಇಷ್ಟೇ: ಒಂದು ವರ್ಷದ ಬೆಲೆಗಳನ್ನು ಗೂಟಕ್ಕೆ ಕಟ್ಟಿದ ಹಾಗೆ ನಿಲ್ಲಿಸುವುದು, ಮುಂದಿನ ವರ್ಷಗಳ ಉತ್ಪನ್ನವನ್ನೆಲ್ಲ ಆ ಬೆಲೆಯಲ್ಲೇ ಅಳೆಯುವುದು. ಬರೀ ಬೆಲೆ ಏರಿದ್ದನ್ನೇ ಬೆಳವಣಿಗೆ ಅಂತ ತಿಳಿಯಬಾರದು ಅನ್ನುವುದು ಇದರ ಉದ್ದೇಶ. ಇದಕ್ಕೆ ಸ್ಥಿರ ಬೆಲೆಯ ಲೆಕ್ಕ ಎನ್ನುತ್ತಾರೆ.

ಈ ಕೆಲಸ ಹೊಸದಲ್ಲ. 1949ರಲ್ಲಿ ಮಹಾಲನೋಬಿಸ್ ಅಧ್ಯಕ್ಷತೆಯಲ್ಲಿ ರಾಷ್ಟ್ರೀಯ ಆದಾಯ ಸಮಿತಿ ನೇಮಕವಾಯಿತು. ಮುಂದೆ 1972ರಲ್ಲಿ ನಮ್ಮ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆ ಕಟ್ಟಿದ ವಿ.ಕೆ.ಆರ್.ವಿ. ರಾವ್ ಆ ಸಮಿತಿಯ ಸದಸ್ಯರಾಗಿದ್ದರು. ಮೊದಲ ಆಧಾರ ವರ್ಷ 1948-49. ಆಮೇಲೆ 1960-61, 1970-71, 1980-81, 1993-94, 1999-2000, 2004-05, 2011-12. ಕಾಲ ಬದಲಾದ ಹಾಗೆ ಹಳೆಯ ಬೆಲೆ, ಹಳೆಯ ಪಟ್ಟಿ ಹಿಡಿದು ಕೂರುವುದು ಸರಿಯಲ್ಲ. ಸವೆದ ಕೊಳಗ ಬದಲಾಯಿಸಲೇಬೇಕು. ಅದಕ್ಕೆ ನಮ್ಮ ತಕರಾರಿಲ್ಲ.

ತಕರಾರು ಇರುವುದು, ಕೊಳಗ ಬದಲಾದ ಕೂಡಲೇ ರಾಶಿಯೇ ಹೆಚ್ಚಿತು ಅಂತ ಡಂಗುರ ಹೊಡೆಯುವುದಕ್ಕೆ. 2015ರ ಜನವರಿಯಲ್ಲಿ 2011-12ರ ಆಧಾರಕ್ಕೆ ಬಂದಾಗ ಏನಾಯಿತು ನೋಡಿ. 2013-14ರಲ್ಲಿ ದೇಶ 4.7 ಪರ್ಸೆಂಟು ಬೆಳೆದಿತ್ತು ಅಂತ ಹಳೆಯ ಲೆಕ್ಕ ಹೇಳಿತ್ತು. ಹೊಸ ಲೆಕ್ಕದಲ್ಲಿ ಅದೇ ವರ್ಷ 6.9 ಆಯಿತು. ಅದೇ ಮಳೆ, ಅದೇ ಬೆಳೆ, ಅದೇ ಸಾಲ. ಬದಲಾಗಿದ್ದು ಕಾಗದ. ಆಫ್ರಿಕಾದ ನೈಜೀರಿಯಾ 2014ರಲ್ಲಿ 1990ರ ಆಧಾರ ಬಿಟ್ಟು 2010ಕ್ಕೆ ಬಂದಾಗ ರಾಷ್ಟ್ರೀಯ ಉತ್ಪನ್ನ ಒಂದೇ ಏಟಿಗೆ ಸುಮಾರು 89 ಪರ್ಸೆಂಟು ಏರಿತು, ಆ ದೇಶ ದಕ್ಷಿಣ ಆಫ್ರಿಕಾವನ್ನೂ ಹಿಂದೆ ಹಾಕಿತು. ಅಲ್ಲಿಯ ರೈತನ ಹೊಲದಲ್ಲಿ ಆ ದಿನ ಒಂದು ಗೆಣಸೂ ಹೆಚ್ಚಾಗಿ ಬೆಳೆಯಲಿಲ್ಲ.

ಈಗ ಅಸಲು ಮಾತಿಗೆ ಬರೋಣ. ಸ್ಥಿರ ಬೆಲೆಯ ಲೆಕ್ಕ ರೈತನ ಮಟ್ಟಿಗೆ ಹೇಗೆ ಕೆಲಸ ಮಾಡುತ್ತದೆ? ಒಂದು ಈರುಳ್ಳಿ ಹೊಲದ ಉದಾಹರಣೆ ಇಟ್ಟುಕೊಳ್ಳಿ. ಆಧಾರ ವರ್ಷದಲ್ಲಿ 50 ಕ್ವಿಂಟಲ್ ಬೆಳೆ, ಕ್ವಿಂಟಲಿಗೆ 1,000 ರೂಪಾಯಿ, ಬಂದದ್ದು 50,000. ಬೀಜ, ಗೊಬ್ಬರ, ಔಷಧಿ, ಡೀಸೆಲ್ಲಿಗೆ 30,000. ಉಳಿದದ್ದು 20,000. ಕೆಲವು ವರ್ಷ ಬಿಟ್ಟು ಅದೇ ಹೊಲದಲ್ಲಿ, ಅಷ್ಟೇ ಗೊಬ್ಬರ, ಅಷ್ಟೇ ಡೀಸೆಲ್ ಬಳಸಿ, ಕಷ್ಟಪಟ್ಟು 60 ಕ್ವಿಂಟಲ್ ತೆಗೆದ ಅನ್ನಿ. ಬೆಲೆ 800ಕ್ಕೆ ಬಿತ್ತು, ಬಂದದ್ದು 48,000. ಗೊಬ್ಬರ, ಡೀಸೆಲ್ ಬೆಲೆ ಏರಿ ಖರ್ಚು 36,000 ಆಯಿತು. ಕೈಯಲ್ಲಿ ಉಳಿದದ್ದು 12,000.

ಸರ್ಕಾರದ ಲೆಕ್ಕ ಏನು ಹೇಳುತ್ತದೆ ಗೊತ್ತೇ? 60 ಕ್ವಿಂಟಲನ್ನು ಹಳೆಯ 1,000ದಿಂದ ಗುಣಿಸು: 60,000. ಖರ್ಚನ್ನೂ ಹಳೆಯ ಬೆಲೆಯಲ್ಲೇ ಹಿಡಿ: 30,000. ಉಳಿದದ್ದು 30,000. ಅಂದರೆ 50 ಪರ್ಸೆಂಟು ಬೆಳವಣಿಗೆ! ರೈತನ ಜೇಬಿನಲ್ಲಿ 40 ಪರ್ಸೆಂಟು ಇಳಿಕೆ, ದೆಹಲಿಯ ಪುಸ್ತಕದಲ್ಲಿ 50 ಪರ್ಸೆಂಟು ಏರಿಕೆ. ಉಳಿದ ಆ 12,000ದಲ್ಲೇ ಮನೆಯವರ ಬಟ್ಟೆ, ಮಕ್ಕಳ ಫೀಜು, ಆಸ್ಪತ್ರೆ ಎಲ್ಲ ಆಗಬೇಕು. ಅವುಗಳ ಬೆಲೆಯೇನು ಗೂಟಕ್ಕೆ ಕಟ್ಟಿ ನಿಂತಿರುತ್ತದೆಯೇ?

ಇದರಲ್ಲಿ ಲೆಕ್ಕಿಗರ ಮೋಸವೇನೂ ಇಲ್ಲ. ಎಷ್ಟು ಬೆಳೆದರು ಅನ್ನುವುದನ್ನು ಅಳೆಯಲಿಕ್ಕೆ ಮಾಡಿದ ಕೋಲು ಅದು. ಎಷ್ಟು ಉಳಿಯಿತು ಅನ್ನುವುದನ್ನು ಅದು ಅಳೆಯೋದಿಲ್ಲ. ಮೋಸ ಇರುವುದು, ಬೆಳೆದದ್ದನ್ನೇ ಉಳಿದದ್ದು ಅಂತ ವೇದಿಕೆ ಮೇಲೆ ಹೇಳುವವರ ಬಾಯಲ್ಲಿ.

ಉಳಿದದ್ದೆಷ್ಟು ಅನ್ನುವುದಕ್ಕೆ ಸರ್ಕಾರದ್ದೇ ಬೇರೆ ಲೆಕ್ಕ ಇದೆ. 2012-13ರ ಸಮೀಕ್ಷೆಯಲ್ಲಿ ಒಂದು ರೈತ ಕುಟುಂಬಕ್ಕೆ ಬೆಳೆಯಿಂದ ತಿಂಗಳಿಗೆ ಸರಾಸರಿ ಉಳಿದದ್ದು 3,081 ರೂಪಾಯಿ. 2018-19ರಲ್ಲಿ 3,798. ಆರು ವರ್ಷಕ್ಕೆ 717 ರೂಪಾಯಿ ಹೆಚ್ಚು. ಬೆಲೆ ಏರಿಕೆ ಕಳೆದು ನೋಡಿದರೆ ಅದು ಇಳಿಕೆಯೇ. ಅದೇ 2018-19ರಲ್ಲಿ ಆ ಕುಟುಂಬಕ್ಕೆ ಕೂಲಿ-ಸಂಬಳದಿಂದ ಬಂದದ್ದು 4,063. ಹೊಲ ಇದ್ದವನಿಗೆ ಹೊಲಕ್ಕಿಂತ ಕೂಲಿಯೇ ಮೇಲಾಯಿತು! ಸರಾಸರಿ ಸಾಲ ಮಾತ್ರ 47,000ದಿಂದ 74,121ಕ್ಕೆ ಹೋಯಿತು. ದೇಶದ ರೈತ ಕುಟುಂಬಗಳಲ್ಲಿ ಅರ್ಧದಷ್ಟು ಸಾಲದಲ್ಲಿದ್ದವು. ಈ ವರ್ಷಗಳಲ್ಲೂ ಕೃಷಿ ಬೆಳೆಯಿತು ಅಂತಲೇ ರಾಷ್ಟ್ರೀಯ ಲೆಕ್ಕ ಹೇಳುತ್ತಿತ್ತು.

ಇನ್ನೊಂದು ಕೊಳಗವನ್ನೂ ನೋಡಿ. ಗ್ರಾಹಕ ಬೆಲೆ ಸೂಚ್ಯಂಕಕ್ಕೆ 2012ರ ಆಧಾರ ಇದ್ದಾಗ ಅದರಲ್ಲಿ ತಿನ್ನುವ-ಕುಡಿಯುವ ಪದಾರ್ಥಗಳ ಪಾಲು 45.86 ಪರ್ಸೆಂಟು. ನಮ್ಮ ಬೆಳೆಗೆ ನಾಲ್ಕು ಕಾಸು ಹೆಚ್ಚು ಸಿಕ್ಕರೆ ಸೂಚ್ಯಂಕ ಏರುತ್ತದೆ, ದೆಹಲಿಗೆ ಜ್ವರ ಬರುತ್ತದೆ. 2023ರ ಡಿಸೆಂಬರಿನಲ್ಲಿ ಈರುಳ್ಳಿ ರಫ್ತನ್ನೇ ನಿಷೇಧಿಸಿದರು; ತೆಗೆದದ್ದು 2024ರ ಮೇ ತಿಂಗಳಲ್ಲಿ, ಅದೂ ಸುಂಕ ಹೇರಿ. ಅಂದರೆ ನಮ್ಮ ಬೆಲೆ ಏರಿದರೆ ಒಂದು ಲೆಕ್ಕದಲ್ಲಿ ಅದು ರೋಗ. ಬೆಲೆ ಬಿದ್ದರೆ ಇನ್ನೊಂದು ಲೆಕ್ಕದಲ್ಲಿ ಅದು ಕಾಣುವುದೇ ಇಲ್ಲ. ಎರಡು ಕಡೆಯೂ ಪೆಟ್ಟು ರೈತನಿಗೇ.

ಸರಾಸರಿಯ ಮಾತೂ ಹೀಗೆಯೇ. 15ನೇ ಹಣಕಾಸು ಆಯೋಗ ತಲಾ ಆದಾಯದ ಅಂತರಕ್ಕೆ 45 ಪರ್ಸೆಂಟು ತೂಕ ಕೊಟ್ಟಿತು. ಕೇಂದ್ರ ತೆರಿಗೆಯಲ್ಲಿ ಕರ್ನಾಟಕದ ಪಾಲು 4.713ರಿಂದ 3.647 ಪರ್ಸೆಂಟಿಗೆ ಇಳಿಯಲು ಇದೂ ಒಂದು ಕಾರಣ. ಬೆಂಗಳೂರಿನ ಕಂಪ್ಯೂಟರ್ ಕಂಪನಿಯ ಆದಾಯವನ್ನೂ ರಾಯಚೂರಿನ ತೊಗರಿ ಹೊಲದ ಆದಾಯವನ್ನೂ ಒಂದೇ ರಾಶಿಗೆ ಸುರಿದು ತಲೆಗಿಷ್ಟು ಅಂತ ಭಾಗಿಸಿದರೆ, ತೊಗರಿ ಬೆಳೆದವನೂ ಕಾಗದದ ಮೇಲೆ ಶ್ರೀಮಂತನೇ!

ಹಾಗಾದರೆ ಆಧಾರ ವರ್ಷ ಅನ್ನುವುದೇ ರೈತನ ಶತ್ರುವೇ? ಅಲ್ಲ. ಅಮೆರಿಕದ ರೈತರು ಅದನ್ನೇ ಆಯುಧ ಮಾಡಿಕೊಂಡರು. 1910ರಿಂದ 1914ರವರೆಗೆ ತಾವು ಮಾರಿದ ಬೆಲೆಗೂ ಕೊಂಡ ಬೆಲೆಗೂ ಇದ್ದ ಹೊಂದಾಣಿಕೆಯನ್ನು ಆಧಾರ ಮಾಡಿ, ಅದೇ ಸರಿಸಮಾನ ಬೆಲೆ ಕೊಡಿ ಅಂತ ಹಟ ಹಿಡಿದರು. 1933ರ ಕೃಷಿ ಕಾಯಿದೆಯಲ್ಲಿ ಅದು ದಾಖಲಾಯಿತು. ಕೋಲು ಒಂದೇ, ಅದು ಯಾರ ಕೈಯಲ್ಲಿದೆ ಅನ್ನುವುದೇ ಪ್ರಶ್ನೆ.

ಆದ್ದರಿಂದ ನಮ್ಮ ಕೇಳಿಕೆ ಸ್ಪಷ್ಟ. ಒಂದು, ಕೃಷಿ ಬೆಳವಣಿಗೆಯ ಅಂಕಿ ಹೊರಡಿಸಿದ ದಿನವೇ, ರೈತ ಮಾರಿದ ಬೆಲೆ ಎಷ್ಟು, ಕೊಂಡ ಬೆಲೆ ಎಷ್ಟು ಅನ್ನುವ ಅಂಕಿಯನ್ನೂ ಪಕ್ಕದಲ್ಲೇ ಹೊರಡಿಸಬೇಕು. ಎರಡು, ರೈತನ ಆದಾಯ ಮತ್ತು ಸಾಲದ ಸಮೀಕ್ಷೆ 2003, 2012-13, 2018-19 ಅಂತ ಮನಸ್ಸು ಬಂದಾಗ ನಡೆಯುವುದು ನಿಲ್ಲಬೇಕು. ಪ್ರತಿ ವರ್ಷ ಆಗಬೇಕು. ಮೂರು, ಬೆಂಬಲ ಬೆಲೆಯ ಖರ್ಚಿನ ಲೆಕ್ಕದಲ್ಲಿ ಸ್ವಂತ ಭೂಮಿಯ ಬಾಡಿಗೆ, ಸ್ವಂತ ಬಂಡವಾಳದ ಬಡ್ಡಿ ಎಲ್ಲವನ್ನೂ ಸೇರಿಸಬೇಕು. 2018ರ ಬಜೆಟ್ಟಿನಲ್ಲಿ ಖರ್ಚಿನ ಒಂದೂವರೆ ಪಟ್ಟು ಕೊಡುತ್ತೇವೆ ಅಂದವರು ಇವೆರಡನ್ನೂ ಹೊರಗಿಟ್ಟು ಲೆಕ್ಕ ಹಾಕಿದರು.

ನಾವು ಮಾಡಬೇಕಾದ್ದೂ ಇದೆ. ದೇಶದ ಲೆಕ್ಕಕ್ಕೆ ಬೆಳೆಯ ಅಂಕಿ ಹೋಗುವುದು ನಮ್ಮ ಊರಿನಿಂದಲೇ. ಬೆಳೆ ಕಟಾವು ಪ್ರಯೋಗಕ್ಕೆ ಅಧಿಕಾರಿ ಬಂದಾಗ ಹೊಲದಲ್ಲಿ ನಾಲ್ಕು ಜನ ನಿಂತು ನೋಡಿ, ತೂಕ ಬರೆದುಕೊಳ್ಳಿ. ಪ್ರತಿ ಊರಿನಲ್ಲೂ ಹತ್ತು ಮನೆಯವರಾದರೂ ಬಿತ್ತನೆಯಿಂದ ಮಾರಾಟದವರೆಗಿನ ಖರ್ಚು, ಆಳು, ಬಡ್ಡಿ, ದಲ್ಲಾಳಿ ಕಮಿಷನ್ ಎಲ್ಲವನ್ನೂ ಒಂದು ನೋಟ್ ಬುಕ್ಕಿನಲ್ಲಿ ಬರೆದಿಡಿ. ಮುಂದಿನ ಸಲ ಕೃಷಿ ಬೆಳೆಯಿತು ಅಂತ ಹೇಳಲು ಬಂದವರ ಮುಂದೆ ಗ್ರಾಮಸಭೆಯಲ್ಲಿ ಆ ಪುಸ್ತಕ ತೆರೆದು ಇಡಿ. ‘ಬೆಳೆದದ್ದು ಸರಿ ಸ್ವಾಮಿ, ಉಳಿದದ್ದು ಎಲ್ಲಿ?’ ಅಂತ ಕೇಳಿ.