ಸೈನ್ ಗೊತ್ತಿತ್ತು, ರಿಸೈನ್ ಗೊತ್ತಿರಲಿಲ್ಲ

ಗೆಳೆಯರೇ, ಸ್ವಲ್ಪ ಉದ್ದ ಇದೆ. ಕೊನೇತನಕ ಓದಿ, ಆಮೇಲೆ ಬೈಯೋರು ಬೈಯಿರಿ.

ನಮ್ಮ ಕೇರಿಯ ಒಬ್ಬ ಅಕ್ಕ ಒಂಬತ್ತು ವರ್ಷ ಗಾರ್ಮೆಂಟ್ಸ್‌ಗೆ ಹೋದರು. ಬೆಳಿಗ್ಗೆ ಆರಕ್ಕೆ ವ್ಯಾನು ಹತ್ತಿದರೆ ರಾತ್ರಿ ಎಂಟಕ್ಕೆ ಮನೆ. ಒಂದು ದಿನ ಆಫೀಸಿಗೆ ಕರೆಸಿ, ಇಂಗ್ಲಿಷಿನಲ್ಲಿ ಟೈಪಾಗಿದ್ದ ಒಂದು ಕಾಗದ ಮುಂದಿಟ್ಟು "ಸೈನ್ ಮಾಡಮ್ಮ" ಅಂದರು. ಅಕ್ಕನಿಗೆ ಸೈನ್ ಅಂದರೆ ಗೊತ್ತು. ಸಂಬಳದ ದಿನ ಮಾಡೋದೂ ಅದನ್ನೇ ಅಲ್ವಾ? ಮಾಡಿದರು. ಮಾರನೇ ದಿನ ಗೇಟಿನಲ್ಲಿ ವಾಚ್‌ಮನ್ ಒಳಗೆ ಬಿಡಲಿಲ್ಲ. "ನೀನೇ ಕೆಲ್ಸ ಬಿಡ್ತೀನಿ ಅಂತ ಬರ್ಕೊಟ್ಟಿದ್ದೀಯಲ್ಲಮ್ಮ" ಅಂದನಂತೆ.

ಆ ಕಾಗದದ ಮೊದಲ ಸಾಲಿನಲ್ಲಿ ಇದ್ದ ಕ್ರಿಯಾಪದ ರಿಸೈನ್.

ಕಂಪನಿಯವರೇ ಕೆಲಸದಿಂದ ತೆಗೆದರೆ ಒಂದು ತಿಂಗಳ ನೋಟಿಸು ಕೊಡಬೇಕು, ದುಡಿದ ಒಂದೊಂದು ವರ್ಷಕ್ಕೂ 15 ದಿನದ ಸಂಬಳ ಪರಿಹಾರವಾಗಿ ಕೊಡಬೇಕು. ತಾನಾಗೇ ಬಿಟ್ಟರೆ ಅದು ಯಾವುದೂ ಇಲ್ಲ. ಲೆಕ್ಕ ಹಾಕಿ. ಒಂಬತ್ತು ವರ್ಷಕ್ಕೆ 135 ದಿನದ ಕೂಲಿ. ಸೈನ್ ಅನ್ನೋ ಪದದ ಮುಂದೆ ಬಂದು ಕೂತ 'ರಿ' ಅನ್ನೋ ಒಂದಕ್ಷರ ಅಷ್ಟನ್ನೂ ನುಂಗಿತು.

ಈ ಅಕ್ಕ ಈಗ ನಮ್ಮ ಅಂಬೇಡ್ಕರ್ ಭವನದಲ್ಲಿ ಸಂಜೆ ಹೊತ್ತು ನಾವು ಮಾಡುವ ಇಂಗ್ಲಿಷ್ ಕ್ಲಾಸಿಗೆ ಬರ್ತಾರೆ. ಹದಿನೈದು ಜನ ಇದ್ದಾರೆ. ಪಿಯುಸಿ ಫೇಲಾದ ಹುಡುಗರು, ಊಟದ ಪಾರ್ಸೆಲ್ ಹಂಚುವವರು, ಪೌರಕಾರ್ಮಿಕರ ಮಕ್ಕಳು. ದಿನಕ್ಕೆ ಎರಡೇ ಕ್ರಿಯಾಪದ. ಅದರ ಫೋಟೋ ಹಾಕಿದ್ದಕ್ಕೆ ಒಬ್ಬ ಹಿರಿಯರು ಇನ್‌ಬಾಕ್ಸಿಗೆ ಬಂದು, "ಕನ್ನಡ ಉಳಿದಿರೋದೇ ನಿಮ್ಮಂಥ ತಳಸಮುದಾಯಗಳ ಬಾಯಲ್ಲಿ. ನೀವೂ ಹಿಂಗೆ ಮಾಡಿದ್ರೆ ಹೆಂಗೆ?" ಅಂತ ಬಹಳ ನೊಂದುಕೊಂಡರು. ಅವರಿಗೆ ಅಲ್ಲಿ ಉತ್ತರ ಕೊಡಲಿಲ್ಲ. ಇಲ್ಲಿ ಕೊಡ್ತೀನಿ.

ಸಾರ್, ನಿಮ್ಮ ಮೊಮ್ಮಗ ಯಾವ ಮೀಡಿಯಮ್ಮು?

ನೀವು ಹೇಳಲ್ಲ. ಬಿಡಿ. ಕನ್ನಡ ಉಳಿಸೋ ಕೆಲಸಾನೂ ನಮಗೇ ಬಂತು ನೋಡಿ. ಚರಂಡಿ ನಾವೇ ಎತ್ತಬೇಕು, ಹಬ್ಬದಲ್ಲಿ ತಮಟೆ ನಾವೇ ಹೊಡೀಬೇಕು, ಈಗ ಭಾಷೆಯನ್ನೂ ನಾವೇ ಹೊರಬೇಕು. ನಿಮ್ಮ ಮನೆಯ ಮಕ್ಕಳು ಮಾತ್ರ ಹೊರಲಾರದೆ ವಿಮಾನ ಹತ್ತಬೇಕು.

ಶಾಲೆ ಯಾವ ಮಾಧ್ಯಮದಲ್ಲಿ ಇರಬೇಕು ಅನ್ನೋದು ಬೇರೆ ಜಗಳ. ನಮ್ಮವರಲ್ಲೇ ಅದಕ್ಕೆ ಎರಡು ಅಭಿಪ್ರಾಯ ಇದೆ, ಎರಡಕ್ಕೂ ನಾನು ಗೌರವ ಕೊಡ್ತೀನಿ. ಪುಟ್ಟ ಮಗು ಮನೆಮಾತಿನಲ್ಲೇ ಚೆನ್ನಾಗಿ ಕಲಿಯುತ್ತೆ ಅನ್ನೋದರಲ್ಲಿ ನನಗೂ ತಕರಾರಿಲ್ಲ. ನಾನು ಹೇಳ್ತಿರೋದು ಮೂವತ್ತೈದು ವರ್ಷದ ಹೆಂಗಸಿನ ವಿಷಯ. ಅವಳ ಬದುಕನ್ನೇ ಒಂದು ಇಂಗ್ಲಿಷ್ ಕ್ರಿಯಾಪದ ಕಿತ್ತುಕೊಂಡಾಗ ನಿಮ್ಮ ಭಾಷಾಪ್ರೇಮ ಅವಳ ಸಹಾಯಕ್ಕೆ ಬರಲಿಲ್ಲ.

ಕನ್ನಡ ನನ್ನ ತಾಯಿನುಡಿ. ಈ ಪೋಸ್ಟು ಬರೀತಿರೋದೂ ಅದರಲ್ಲೇ. ಆದರೆ ಕನ್ನಡದ ಕ್ರಿಯಾಪದದ ಬಾಲದಲ್ಲಿ ಏನಿದೆ ಅಂತ ಕೇರಿಯವರಿಗೆ ಗೊತ್ತು. ಊರ ಯಜಮಾನರು 'ಬಂದರು'. ನಮ್ಮಪ್ಪ 'ಬಂದ'. ನಮ್ಮಪ್ಪನಿಗಿಂತ ಮೂವತ್ತು ವರ್ಷ ಚಿಕ್ಕವನಾದ ಯಜಮಾನರ ಮಗನೂ 'ಬಂದರು'. ಆ ಹುಡುಗ ನಮ್ಮಪ್ಪನನ್ನು ಕರೀತಿದ್ದದ್ದು 'ಬಾರ್ಲಾ' ಅಂತ. ಇಂಗ್ಲಿಷಿನಲ್ಲಿ ಯಜಮಾನರೂ 'ಕೇಮ್', ನಮ್ಮಪ್ಪನೂ 'ಕೇಮ್'. ಮೊದಲ ಸಲ ಇದು ಹೊಳೆದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಹಂಗಂತ ಇಂಗ್ಲಿಷಿಗೆ ಜಾತಿಯಿಲ್ಲ ಅಂತ ಹೇಳ್ತಿಲ್ಲ. ಇಂಗ್ಲಿಷ್ ಮಾತಾಡುವ ಎಷ್ಟೋ ಮನೆಗಳಲ್ಲಿ ಕೆಲಸದವಳ ಲೋಟ ಈಗಲೂ ಬೇರೆಯೇ ಇದೆ. ಇಂಗ್ಲಿಷನ್ನು ದೇವತೆ ಮಾಡಿ ಗುಡಿ ಕಟ್ಟೋಣ ಅನ್ನುವ ನಮ್ಮ ಉತ್ತರದ ಗೆಳೆಯರ ಉತ್ಸಾಹ ನನಗೆ ಅರ್ಥ ಆಗುತ್ತೆ, ಆದರೆ ಒಪ್ಪಲಾರೆ. ಗುಡಿಗಳಿಂದ ಹೊರಗೆ ನಿಂತು ನಿಂತು ಸಾಕಾಗಿದೆ. ನಮಗೆ ಬೇಕಾಗಿರೋದು ಕೈಗೆ ಸಿಗುವ ಒಂದು ಹತಾರ.

ಹತಾರ ಕೊಡ್ತೀವಿ ಅಂತ ಹೇಳೋರು ಬೇಕಾದಷ್ಟು ಜನ ಇದ್ದಾರೆ. ಬಸ್ ಸ್ಟ್ಯಾಂಡಿನ ಕಂಬಕಂಬಕ್ಕೂ ಬೋರ್ಡು, ಮೂವತ್ತು ದಿನದಲ್ಲಿ ಇಂಗ್ಲಿಷ್ ಅಂತ. ನಮ್ಮ ಹುಡುಗರು ಸಾಲ ಮಾಡಿ ಫೀಸು ಕಟ್ಟಿ ಹೋಗ್ತಾರೆ. ಅಲ್ಲಿ ಒಂದು ಉದ್ದನೆಯ ಚಾರ್ಟು. ವಿ-ಒನ್, ವಿ-ಟೂ, ವಿ-ತ್ರೀ. ಗೋ, ವೆಂಟ್, ಗಾನ್. ಬಾಯಿಪಾಠ. ಅದಾದ ಮೇಲೆ ಮಾತಾಡೋಕೆ ಕಲಿಸೋದೇನು? 'ಮೇ ಐ ಹೆಲ್ಪ್ ಯು ಸರ್', 'ಪ್ಲೀಸ್ ವೇಟ್ ಸರ್', 'ಸಾರಿ ಸರ್'. ಮಾಲ್‌ನ ಬಾಗಿಲು ಕಾಯೋ ಕೆಲಸವನ್ನು ನಾನು ಕೀಳು ಅನ್ನಲ್ಲ. ಆದರೆ ತಲೆತಲಾಂತರದಿಂದ ಕನ್ನಡದಲ್ಲಿ ಕೈಕಟ್ಟಿ ನಿಂತವರಿಗೆ ಈಗ ಇಂಗ್ಲಿಷಿನಲ್ಲಿ ಕೈಕಟ್ಟೋದನ್ನ ಕಲಿಸಿ, ಅದಕ್ಕೆ ಫೀಸನ್ನೂ ವಸೂಲಿ ಮಾಡಿದರೆ ಏನನ್ನಬೇಕು?

ಶಾಲೆಯ ಕಥೆಯೂ ಇದೇ. ನಾನು ಹೈಸ್ಕೂಲಿನಲ್ಲಿದ್ದಾಗ ಮೇಷ್ಟ್ರು 'ಈಟ್' ಕಲಿಸಿದರು. ಒಬ್ಬೊಬ್ಬರೇ ಎದ್ದು ನಿಂತು ಒಂದು ವಾಕ್ಯ ಹೇಳಬೇಕು. ಐ ಈಟ್ ಇಡ್ಲಿ. ಐ ಈಟ್ ಚಪಾತಿ. ಅವತ್ತು ಸೋಮವಾರ. ಹಿಂದಿನ ದಿನ ನಮ್ಮ ಮನೆಯಲ್ಲಿ ದನದ ಬಾಡು. ವಾಕ್ಯ ನಾಲಗೆ ತುದಿಯಲ್ಲಿತ್ತು, ಬೀಫ್ ಅನ್ನೋ ಪದಾನೂ ಗೊತ್ತಿತ್ತು. ಎದ್ದು ನಿಂತೆ. "ಐ ಈಟ್ ಕರ್ಡ್ ರೈಸ್" ಅಂದೆ. "ಗುಡ್" ಅಂದರು ಮೇಷ್ಟ್ರು.

ನಾನು ಇಂಗ್ಲಿಷಿನಲ್ಲಿ ಆಡಿದ ಮೊದಲ ಪೂರ್ತಿ ವಾಕ್ಯವೇ ಸುಳ್ಳು. ಗುಡ್ ಸಿಕ್ಕಿದ್ದೂ ಆ ಸುಳ್ಳಿಗೇ.

ಅದಕ್ಕೇ ಕೇಳ್ತಿರೋದು, ಕಲಿಕೆ ಶುರು ಮಾಡುವವರಿಗೆ ಯಾವ ಕ್ರಿಯಾಪದ ಮೊದಲು ಅಂತ ತೀರ್ಮಾನ ಮಾಡೋರು ಯಾರು? ಪುಸ್ತಕದ ಹುಡುಗ ಏಳುತ್ತಾನೆ, ಹಲ್ಲುಜ್ಜುತ್ತಾನೆ, ದೇವರಿಗೆ ಕೈಮುಗೀತಾನೆ, ಹಾಲು ಕುಡೀತಾನೆ, ಆಟ ಆಡ್ತಾನೆ. ಆ ಹುಡುಗ ಯಾರಿಗೂ ಎದುರು ಪ್ರಶ್ನೆ ಕೇಳಲ್ಲ, ಎಲ್ಲೂ ರಸೀದಿ ಪಡೆಯಲ್ಲ, ಯಾವುದನ್ನೂ ನಿರಾಕರಿಸಲ್ಲ. ಅವನಿಗೆ ಅದರ ಅಗತ್ಯ ಇಲ್ಲ. ನಮಗಿದೆ.

ನಾವು ನಮ್ಮ ಕ್ಲಾಸಿನಲ್ಲಿ ಮಾಡುತ್ತಿರೋದನ್ನ ಹೇಳ್ತೀನಿ. ಬೇರೆ ಊರುಗಳಲ್ಲಿ ಕ್ಲಾಸು ಶುರು ಮಾಡೋ ಗೆಳೆಯರಿಗೆ ಉಪಯೋಗ ಆಗಬಹುದು.

ಮೊದಲ ವಾರ 'ಡು'. ನಾವು ಇಲ್ಲ ಅನ್ನೋದನ್ನ ಕೊನೆಗೆ ಹೇಳ್ತೀವಿ. ಗೊತ್ತಿಲ್ಲ, ಮಾಡಲ್ಲ, ಬರಲ್ಲ. ಎದುರಿಗಿರೋನ ಮುಖ ನೋಡ್ಕೊಂಡು ಕೊನೇ ಗಳಿಗೆಯಲ್ಲಿ 'ಅಲ್ಲ'ವನ್ನು ನುಂಗಲೂಬಹುದು. ಎಷ್ಟು ಸಲ ನುಂಗಿಲ್ಲ? ಇಂಗ್ಲಿಷಿನಲ್ಲಿ ಇಲ್ಲ ಅನ್ನೋದು ಕ್ರಿಯಾಪದಕ್ಕಿಂತ ಮುಂಚೆ ಬರಬೇಕು, ಅದನ್ನು ಹೊತ್ತು ತರೋದು ಈ 'ಡು'. ಅದಿಲ್ಲದೆ ಎಲ್ಲರೂ ಮೊದಲು 'ಐ ನಾಟ್ ನೋ' ಅಂತಾರೆ. ನಗಬಾರದು, ತಿದ್ದಬೇಕು. ಐ ಡು ನಾಟ್ ನೋ. ಐ ಡು ನಾಟ್ ಅಗ್ರೀ. ಐ ಡು ನಾಟ್ ಸೈನ್. ಈ ಕೊನೇ ವಾಕ್ಯವನ್ನ ನಮ್ಮ ಅಕ್ಕ ಹತ್ತು ಸಲ ಹೇಳಿದರು. ಹತ್ತನೇ ಸಲಕ್ಕೆ ದನಿ ನಡುಗುತ್ತಿರಲಿಲ್ಲ.

ಎರಡನೇ ವಾರ 'ವಾಂಟ್', 'ನೀಡ್'. ನಮ್ಮಲ್ಲಿ 'ನನಗೆ ಬೇಕು'. ತಾಲ್ಲೂಕು ಆಫೀಸಿನ ಕಿಟಕಿ ಹತ್ತಿರ ಹೋದರೆ ಅದೂ ಕುಗ್ಗಿ 'ಒಂದು ಫಾರಂ ಬೇಕಿತ್ತು ಸಾರ್' ಆಗುತ್ತೆ. ಈಗ ಬೇಕಾದ್ದನ್ನೂ ಬೇಕಿತ್ತು ಅಂತ ಹಿಂದಕ್ಕೆ ತಳ್ಳಿ ಕೇಳ್ತೀವಿ. ಇಂಗ್ಲಿಷಿನಲ್ಲಿ 'ನನಗೆ' ಹೋಗಿ 'ನಾನು' ಬರುತ್ತೆ. ಐ ವಾಂಟ್ ಎ ಕಾಪಿ. ದೂರು ಕೊಟ್ಟವರಿಗೆ ಎಫ್‌ಐಆರ್ ಪ್ರತಿಯನ್ನು ಪುಕ್ಕಟೆ ಕೊಡಲೇಬೇಕು ಅನ್ನೋದು ಕಾನೂನು. ಠಾಣೆಯಲ್ಲಿ ಅದನ್ನ ಕನ್ನಡದಲ್ಲೇ ಕೇಳಿ, ಪರವಾಗಿಲ್ಲ. ಆದರೆ ತಲೆ ಎತ್ತಿ ಕೇಳೋದು ಈ ಕ್ಲಾಸಿನಲ್ಲಿ ಅಭ್ಯಾಸ ಆಗಲಿ.

ಮೂರನೇ ವಾರ 'ಹಿಟ್'. ವಿ-ಒನ್ನೂ ಹಿಟ್ಟು, ವಿ-ಟೂನೂ ಹಿಟ್ಟು, ವಿ-ತ್ರೀನೂ ಹಿಟ್ಟು ಅಂದಾಗ ಒಬ್ಬ ಹುಡುಗಿ, "ಹಂಗಾರೆ ನಮ್ಮನೆ ಊಟನೇ ಕಣಣ್ಣ, ಮೂರೊತ್ತೂ ಹಿಟ್ಟೇ" ಅಂದಳು. ಕ್ಲಾಸೆಲ್ಲ ನಕ್ಕಿತು. ಆಮೇಲೆ ವಿಷಯಕ್ಕೆ ಬಂದೆವು. ನಮ್ಮ ಹಿರಿಯರು 'ಏಟು ಬಿತ್ತು' ಅಂತಾರೆ. ಯಾರು ಹೊಡೆದದ್ದು ಅಂತ ಹೇಳಲ್ಲ, ಮಳೆ ಬಿದ್ದ ಹಾಗೆ ಏಟು ಬೀಳುತ್ತೆ. ಪೇಪರಿನವರೂ ಹಾಗೇ ಬರೀತಾರೆ. ಹಲ್ಲೆಯಾಯಿತು, ಬಹಿಷ್ಕಾರವಾಯಿತು, ಬೆಂಕಿ ಬಿತ್ತು. ಕ್ಲಾಸಿನಲ್ಲಿ ಒಂದೇ ನಿಯಮ: ಕ್ರಿಯಾಪದದ ಮುಂದೆ ಮಾಡಿದವನು ಬರಲೇಬೇಕು. ಹಿ ಹಿಟ್ ಮಿ. ದೇ ಬರ್ನ್ಡ್ ಅವರ್ ಹೌಸ್. ಮಾಡಿದವನನ್ನು ಮುಚ್ಚಿಡೋ ದಾರಿ ಇಂಗ್ಲಿಷಿನಲ್ಲೂ ಇದೆ, ಆದರೆ ಅದನ್ನು ನಾವು ಕಲಿಸಲ್ಲ. ಪೊಲೀಸರು ತಾವೇ ಕಲಿತಿದ್ದಾರೆ.

ಈ ರೋಗ ನನಗೂ ಇದೆ. 1973ರಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಇದೆ ಅಂದದ್ದಕ್ಕೆ ದೊಡ್ಡ ಗಲಾಟೆಯಾಯಿತು, ಅವರ ಮಂತ್ರಿಗಿರಿ ಹೋಯಿತು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು. ನೋಡಿದ್ರಾ? ಹಲ್ಲೆಗಳಾದವು ಅಂತ ನಾನೇ ಬರೆದೆ. ಆಗಲಿಲ್ಲ ಸ್ವಾಮಿ, ಮಾಡಿದರು. ಕನ್ನಡದ ಹೆಸರಿನಲ್ಲಿ ಮಾಡಿದರು.

ಇನ್ನೊಂದು ಸಂಗತಿ. ಇಂಗ್ಲಿಷಿನಲ್ಲಿ ಕಷ್ಟದ ರೂಪಗಳಿರೋದು ಮನೆಬಳಕೆಯ ಕ್ರಿಯಾಪದಗಳಲ್ಲೇ. ಗೋ-ವೆಂಟ್, ಈಟ್-ಏಟ್, ಸೀ-ಸಾ, ಟೇಕ್-ಟುಕ್. ಒಂದಕ್ಕೊಂದು ಸಂಬಂಧವೇ ಇಲ್ಲ. ಹೊಸಬರು ಎಡವಿ ಬೀಳೋದೂ, ಬೇರೆಯವರು ನಗೋದೂ ಇಲ್ಲೇ. ಆದರೆ ಹೋರಾಟಕ್ಕೆ ಬೇಕಾದ ಕ್ರಿಯಾಪದ ನೋಡಿ. ಆಸ್ಕ್, ಸೈನ್, ಅಪ್ಲೈ, ಕ್ಲೇಮ್, ರಿಸೀವ್, ರಿಫ್ಯೂಸ್, ಡಿಮ್ಯಾಂಡ್, ಕಂಪ್ಲೇನ್. ಎಲ್ಲಕ್ಕೂ ಕೊನೆಯಲ್ಲಿ ಅದೇ ಬಾಲ. ಆಸ್ಕ್ಡ್, ಸೈನ್ಡ್, ಕ್ಲೇಮ್ಡ್, ರಿಫ್ಯೂಸ್ಡ್. ಒಂದು ಸಂಜೆಯಲ್ಲಿ ಎಂಟೂ ಬರುತ್ತೆ. ಇದು ಕಷ್ಟ, ಆಮೇಲೆ ಕಲೀರಿ ಅಂತ ನಮ್ಮಿಂದ ದೂರ ಇಟ್ಟಿದ್ದ ಪದಗಳೇ ಕಲಿಯೋಕೆ ಸುಲಭ.

"ಇಷ್ಟು ಕಲಿತುಬಿಟ್ರೆ ನ್ಯಾಯ ಸಿಗುತ್ತಾ?" ಅಂತ ಕೇಳೋರಿದ್ದಾರೆ. ಸಿಗಲ್ಲ. 2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ನಮ್ಮ ಏಳು ಜನರನ್ನು ಸುಟ್ಟರು. ಕೆಳಗಿನ ಕೋರ್ಟು ಆರೋಪಿಗಳನ್ನು ಬಿಡುಗಡೆ ಮಾಡಿತು, 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಸಾಕ್ಷಿಗಳು ಉಲ್ಟಾ ಹೊಡೆದದ್ದು ಹೆದರಿಕೆಗೆ, ಇಂಗ್ಲಿಷ್ ಬರದೆ ಅಲ್ಲ. ಅದು ನನಗೂ ಗೊತ್ತು. ಆದರೆ ಸಂವಿಧಾನದ 348ನೇ ವಿಧಿಯ ಪ್ರಕಾರ ಹೈಕೋರ್ಟಿನ ಕಲಾಪ ಇಂಗ್ಲಿಷಿನಲ್ಲಿ ನಡೆಯುತ್ತೆ. 'ಅಕ್ವಿಟ್' ಅನ್ನೋ ಕ್ರಿಯಾಪದದ ಅರ್ಥವನ್ನು ನಮ್ಮ ಅವ್ವಂದಿರು ಇನ್ನೊಬ್ಬರ ಬಾಯಿಂದ, ಅದೂ ಆಮೇಲೆ, ತಿಳಿಯಬೇಕು ಅನ್ನೋದೂ ಒಂದು ಅನ್ಯಾಯವೇ. ಅಷ್ಟನ್ನಾದರೂ ಕಡಿಮೆ ಮಾಡೋಣ.

ಇದು ನನ್ನ ಹೊಸ ಆಲೋಚನೆಯೇನಲ್ಲ. 1848ರಲ್ಲಿ ಪುಣೆಯಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದ ಅಕ್ಷರದವ್ವ ಸಾವಿತ್ರಿಬಾಯಿ ಫುಲೆ, 1854ರಲ್ಲಿ ಬಂದ ತಮ್ಮ 'ಕಾವ್ಯಫುಲೆ'ಯಲ್ಲೇ ಇಂಗ್ಲಿಷ್ ಕಲೀರಿ ಅಂತ ಬರೆದರು. ಅದೂ ಮರಾಠಿಯಲ್ಲಿ. ಅವ್ವನಿಗೆ ಎರಡರ ನಡುವೆ ಜಗಳ ಕಾಣಲಿಲ್ಲ.

ಇನ್ನು ಬಾಬಾಸಾಹೇಬರು. 1942ರ ಜುಲೈನಲ್ಲಿ ನಾಗಪುರದ ಸಮ್ಮೇಳನದಲ್ಲಿ ನಮಗೆ ಕೊಟ್ಟದ್ದೇನು? ಎಜುಕೇಟ್, ಅಜಿಟೇಟ್, ಆರ್ಗನೈಸ್. ಮೂರೂ ಕ್ರಿಯಾಪದ. ನಾವು ಅದನ್ನು ಕನ್ನಡಕ್ಕೆ ತಂದು ಬ್ಯಾನರಿನ ಮೇಲೆ ಬರೆದದ್ದೇನು? ಶಿಕ್ಷಣ, ಸಂಘಟನೆ, ಹೋರಾಟ. ಮೂರೂ ನಾಮಪದ! ಬಾಬಾಸಾಹೇಬರು ಮಾಡಿ ಅಂದರು, ನಾವು ಹೆಸರಿಟ್ಟು ಗೋಡೆಗೆ ತೂಗುಹಾಕಿದೆವು. ಏಪ್ರಿಲ್ 14ಕ್ಕೆ ಧೂಳು ಒರೆಸಿ ಹಾರ ಹಾಕ್ತೀವಿ. ನಾನೂ ಅದರಲ್ಲಿ ಒಬ್ಬ, ನನ್ನನ್ನೂ ಸೇರಿಸಿಯೇ ಬೈತಿದ್ದೀನಿ.

ಆದ್ದರಿಂದ ಒಂದು ಮನವಿ. ನಿಮ್ಮೂರಿನ ಅಂಬೇಡ್ಕರ್ ಭವನದ ಬೀಗ ತೆಗೀರಿ. ವರ್ಷಕ್ಕೊಂದು ದಿನ ಹಾರ, ಉಳಿದ ದಿನ ಬೀಗ ಅನ್ನೋದು ಸಾಕು. ಡಿಗ್ರಿ ಮುಗಿಸಿದ ಒಬ್ಬ ಹುಡುಗಿ, ಒಂದು ಬೋರ್ಡು, ಒಂದು ಚಾಕ್‌ಪೀಸು ಇದ್ದರೆ ಸಾಕು. ಐವತ್ತು ಕ್ರಿಯಾಪದ ಆರಿಸಿಕೊಳ್ಳಿ. ಆರಿಸೋದು ಪುಸ್ತಕ ನೋಡಿ ಅಲ್ಲ, ನಿಮ್ಮ ಕೇರಿಯ ಜನ ಎಲ್ಲೆಲ್ಲಿ ಮೋಸ ಹೋಗಿದ್ದಾರೋ ಆ ಕಾಗದಗಳನ್ನು ಇಸ್ಕೊಂಡು ನೋಡಿ. ಬ್ಯಾಂಕಿನ ಸಾಲದ ಕಾಗದ, ಕಂಪನಿಯ ಪತ್ರ, ಆಸ್ಪತ್ರೆಯಲ್ಲಿ ಹೆಬ್ಬೆಟ್ಟು ಒತ್ತಿಸಿಕೊಂಡ ಫಾರಂ. ಅದರಲ್ಲಿರೋ ಕ್ರಿಯಾಪದಗಳಿಗೆ ಗೆರೆ ಎಳೀರಿ. ಅದೇ ನಿಮ್ಮ ಸಿಲಬಸ್ಸು.

ಮೊನ್ನೆ ಕ್ಲಾಸಿನಲ್ಲಿ 'ಈಟ್' ಬಂತು. ಬೋರ್ಡಿನ ಮುಂದೆ ಇದ್ದೋನು ನಾನೇ. ನಮ್ಮ ಅಕ್ಕ ಎದ್ದು ನಿಂತು ಅತ್ತಿತ್ತ ನೋಡದೆ ಹೇಳಿದರು: "ಐ ಈಟ್ ಬೀಫ್. ಐ ಡು ನಾಟ್ ಲೈ."

ನಾನು ಗುಡ್ ಅನ್ನಲಿಲ್ಲ. ಬೋರ್ಡಿನ ಕಡೆ ತಿರುಗಿ ಎರಡೂ ವಾಕ್ಯ ಬರೆದೆ. ಎಲ್ಲರೂ ನೋಟ್‌ಬುಕ್ಕಿಗೆ ಇಳಿಸಿಕೊಂಡರು.

ಜೈ ಭೀಮ್.