ಬಸದಿಹಳ್ಳಿಯೂ ಒಂದು ಅಪವಾದವೂ

ಹಳೇಬೀಡಿಗೆ ಬರುವ ಯಾತ್ರಿಕರ ಬಸ್ಸು ಹೊಯ್ಸಳೇಶ್ವರನ ಗುಡಿಯ ಮುಂದೆ ನಿಲ್ಲುವುದು. ಇಳಿದವರು ಗುಡಿಯನ್ನು ಸುತ್ತಿ, ಆನೆಯ ಸಾಲು ಕುದುರೆಯ ಸಾಲುಗಳನ್ನು ಬೆರಳಿಟ್ಟು ಎಣಿಸಿ, ನಂದಿಯ ಮುಂದೆ ಚಿತ್ರ ತೆಗೆಸಿಕೊಂಡು, ಎಳನೀರು ಕುಡಿದು, ಬೇಲೂರಿಗೋ ಅರಸೀಕೆರೆಯ ರೈಲಿಗೋ ಹಿಂದಿರುಗುವರು. ಅಲ್ಲಿಂದ ಒಂದು ಮೈಲಿಗೂ ಕಡಮೆ ದೂರದಲ್ಲಿ, ಕೇದಾರೇಶ್ವರಕ್ಕೆ ಹೋಗುವ ದಾರಿಯಲ್ಲಿ, ಬಸದಿಹಳ್ಳಿಯೆಂಬ ಕೇರಿಯುಂಟು. ಪಾರ್ಶ್ವನಾಥ, ಆದಿನಾಥ, ಶಾಂತಿನಾಥರ ಮೂರು ಬಸದಿಗಳು ಅಲ್ಲಿ ಒಂದೇ ಆವರಣದಲ್ಲಿವೆ. ಅಲ್ಲಿಯವರೆಗೆ ಕಾಲು ಸವೆಸುವವರು ವಿರಳ. ಹೋಗುವುದು ಬಿಡುವುದು ಅವರವರ ಇಷ್ಟ. ಅದಕ್ಕಾಗಿ ಯಾರನ್ನೂ ದೂರಬೇಕಾದುದಿಲ್ಲ. ಆದರೆ ಬಸದಿಹಳ್ಳಿಯ ಹೊಸ್ತಿಲನ್ನು ದಾಟದವರೇ ಬಸದಿಗಳ ಕಥೆಯನ್ನು ಊರೂರಿಗೆ ಹರಡುತ್ತಿರುವುದು ಮಾತ್ರ ಸುಮ್ಮನೆ ಸಹಿಸತಕ್ಕ ವಿಷಯವಲ್ಲ.

ಆ ಕಥೆ ವಾಚಕರಿಗೆ ಅಪರಿಚಿತವಾದುದೇನಲ್ಲ. ಬಿಟ್ಟಿದೇವನು ಜೈನನಾಗಿದ್ದನಂತೆ, ರಾಮಾನುಜಾಚಾರ್ಯರ ಶಿಷ್ಯನಾಗಿ ವಿಷ್ಣುವರ್ಧನನೆಂದು ಹೆಸರು ಪಡೆದನಂತೆ, ಆ ಕ್ಷಣದಿಂದಲೇ ಹಳೆಯ ಮತದವರ ಮೇಲೆ ತಿರುಗಿಬಿದ್ದು, ರಾಜಧಾನಿಯಲ್ಲಿದ್ದ ಏಳುನೂರಿಪ್ಪತ್ತು ಬಸದಿಗಳನ್ನು ಕೆಡಹಿಸಿ, ಜೈನರನ್ನು ಗಾಣಕ್ಕೆ ಹಾಕಿಸಿದನಂತೆ, ಆ ಪಾಪಕ್ಕೆ ಭೂಮಿಯು ಬಾಯ್ದೆರೆದು ಊರುಗಳನ್ನು ನುಂಗಿತಂತೆ. ಇಷ್ಟು ‘ಅಂತೆ’ಗಳ ಮೇಲೆ ನಿಂತಿರುವ ಈ ಕಥೆಯನ್ನು ಒಬ್ಬರು ತಮ್ಮ ಮತದ ಜಯವೆಂದು ಹೆಮ್ಮೆಯಿಂದ ಹೇಳುವರು, ಇನ್ನೊಬ್ಬರು ತಮ್ಮ ಮತಕ್ಕಾದ ಅನ್ಯಾಯವೆಂದು ನೋವಿನಿಂದ ಹೇಳುವರು. ಹೇಳುವ ಭಾವ ಬೇರೆ, ಕಥೆ ಒಂದೇ. ಕೇಳಿದ ಹುಡುಗನು ತರಗತಿಯಲ್ಲಿ ತನ್ನ ಪಕ್ಕದಲ್ಲಿ ಕುಳಿತ ಜೈನರ ಹುಡುಗನನ್ನೋ ಶ್ರೀವೈಷ್ಣವರ ಹುಡುಗನನ್ನೋ ಮರುದಿನ ಯಾವ ಕಣ್ಣಿನಿಂದ ನೋಡಬೇಕು? ಇದರ ವಿಚಾರ ಹೇಳುವ ಇಬ್ಬರಿಗೂ ಇಲ್ಲ.

ಪುರಾಣವನ್ನು ಪುರಾಣವಾಗಿ ಕೇಳಿ ಸಂತೋಷಪಡುವುದಕ್ಕೆ ಅಡ್ಡಿಯಿಲ್ಲ. ಚರಿತ್ರೆಯೆಂದು ಹೇಳಿದ ಮೇಲೆ ಪ್ರಮಾಣವನ್ನು ಕೇಳಲೇಬೇಕಾಗುವುದು. ಪ್ರಮಾಣವಾದರೋ ದೂರದಲ್ಲಿಲ್ಲ; ಆ ಬಸದಿಹಳ್ಳಿಯಲ್ಲಿಯೇ ಕಲ್ಲಿನ ಮೇಲಿದೆ.

ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿದವನು ಬೊಪ್ಪದೇವ. ಇವನ ತಂದೆ ಗಂಗರಾಜನು ವಿಷ್ಣುವರ್ಧನನ ಮಹಾದಂಡನಾಯಕನಾಗಿ ತಲಕಾಡನ್ನು ಗೆದ್ದುಕೊಟ್ಟವನು, ಗಂಗವಾಡಿಯ ಜೀರ್ಣಬಸದಿಗಳನ್ನು ಉದ್ಧರಿಸಿದವನು, ಬೆಳ್ಗೊಳದ ಗೊಮ್ಮಟನಿಗೆ ಸುತ್ತಾಲಯವನ್ನು ಮಾಡಿಸಿದವನು. ಅವನು ತೀರಿಕೊಂಡ ಮೇಲೆ ಮಗನು 1133ರಲ್ಲಿ ತಂದೆಯ ನೆನಪಿಗಾಗಿ ಈ ಬಸದಿಯನ್ನು ಎತ್ತಿಸಿ, ತಂದೆಯ ಬಿರುದಿನಿಂದ ದ್ರೋಹಘರಟ್ಟ ಜಿನಾಲಯವೆಂದು ಹೆಸರಿಟ್ಟನು. ಎಲ್ಲಿ ಎತ್ತಿಸಿದನು? ಗಡಿಯ ಕಾಡಿನಲ್ಲಲ್ಲ, ಬೆಟ್ಟದ ಮರೆಯಲ್ಲಲ್ಲ. ದೋರಸಮುದ್ರದ ನಡುವೆ, ಅರಸನ ಕಣ್ಣೆದುರಿಗೆ. ಬೇಲೂರಿನಲ್ಲಿ ವಿಜಯನಾರಾಯಣನ ಪ್ರತಿಷ್ಠೆಯಾದದ್ದು 1117ರಲ್ಲಿ. ಎಂದರೆ, ಜೈನರನ್ನು ನಿರ್ಮೂಲ ಮಾಡಿದನೆಂದು ಹೇಳುವ ಅರಸನು ಆ ಪ್ರತಿಷ್ಠೆಯಾಗಿ ಹದಿನಾರು ವರ್ಷಗಳಾದ ಮೇಲೆಯೂ ತನ್ನ ರಾಜಧಾನಿಯಲ್ಲಿ ಹೊಸ ಬಸದಿ ಏಳುವುದನ್ನು ನೋಡುತ್ತಿದ್ದನು.

ನೋಡುತ್ತಿದ್ದನೆಂದರೂ ಸಾಲದು. ಬಸದಿಯ ಶಾಸನವೇ ಹೇಳುವ ಸಂಗತಿಯಿದು: ಪ್ರತಿಷ್ಠೆಯಾದ ಬಳಿಕ ಅರ್ಚಕರು ದೇವರ ಪ್ರಸಾದವನ್ನು ತೆಗೆದುಕೊಂಡು ಬಂಕಾಪುರದಲ್ಲಿದ್ದ ಅರಸನ ಬಳಿಗೆ ಹೋದರು. ಅವನು ಆಗತಾನೇ ಮಸಣನೆಂಬ ವೈರಿಯನ್ನು ಗೆದ್ದಿದ್ದನು. ಅರಸಿ ಲಕ್ಷ್ಮೀದೇವಿಗೆ ಗಂಡುಮಗು ಹುಟ್ಟಿದ ಸುದ್ದಿಯೂ ಅದೇ ಸಮಯಕ್ಕೆ ಬಂದಿತ್ತು. ಅರಸನು ಬಂದವರನ್ನು ಎದ್ದು ಗೌರವಿಸಿ, ಕೈಮುಗಿದು ಪ್ರಸಾದವನ್ನು ಸ್ವೀಕರಿಸಿ, ಈ ಪ್ರತಿಷ್ಠೆಯ ಪುಣ್ಯದಿಂದಲೇ ತನಗೆ ಜಯವೂ ಪುತ್ರಲಾಭವೂ ಆದುವೆಂದು ಸಂತೋಷಪಟ್ಟು, ದೇವರಿಗೆ ವಿಜಯಪಾರ್ಶ್ವನೆಂದೂ ಮಗುವಿಗೆ ವಿಜಯನಾರಸಿಂಹನೆಂದೂ ಹೆಸರಿಟ್ಟನು. ಒಂದೇ ಗಳಿಗೆಯಲ್ಲಿ ಜಿನನಿಗೂ ಜಯದ ಹೆಸರು, ಮಗನಿಗೆ ನರಸಿಂಹನ ಹೆಸರು! ಬಸದಿಗಳನ್ನು ಕೆಡಹಿಸಿದ ಕೈಯೇ ಇದು ಎಂದು ನಂಬಬೇಕಾದರೆ ಬುದ್ಧಿಯನ್ನು ಬಸ್ಸಿನಲ್ಲಿಯೇ ಬಿಟ್ಟು ಇಳಿಯಬೇಕಾದೀತು.

ಇಲ್ಲಿ ಪೂರ್ವಪಕ್ಷಿಯು ಒಂದು ಮಾತನ್ನು ಹೇಳಬಹುದು: ಗಂಗರಾಜನ ಋಣ ದೊಡ್ಡದು, ಅವನ ಮಗನೊಬ್ಬನಿಗೆ ಅರಸನು ದಾಕ್ಷಿಣ್ಯ ತೋರಿಸಿದನು, ಒಂದು ಬಸದಿಯಿಂದ ಇಡೀ ಆಳ್ವಿಕೆಯ ನೀತಿಯನ್ನು ಊಹಿಸುವುದು ತರವಲ್ಲ, ಎಂದು. ಸ್ಥಾಲೀಪುಲಾಕ ನ್ಯಾಯವನ್ನು ಒಪ್ಪದವರು ಅನ್ನದ ಇನ್ನೂ ನಾಲ್ಕು ಅಗುಳನ್ನು ಹಿಸುಕಿ ನೋಡಲಿ. ಪಟ್ಟದರಸಿ ಶಾಂತಲೆಯ ತಂದೆ ಮಾರಸಿಂಗಯ್ಯ ಶೈವನು. ತಾಯಿ ಮಾಚಿಕಬ್ಬೆ ಜಿನಭಕ್ತೆ. ಶಾಂತಲೆಯು ಬೇಲೂರಿನಲ್ಲಿ ಕಪ್ಪೆಚೆನ್ನಿಗರಾಯನ ಗುಡಿಯನ್ನು ಮಾಡಿಸಿದಳು. ಅವಳೇ 1123ರಲ್ಲಿ ಶ್ರವಣಬೆಳ್ಗೊಳದಲ್ಲಿ ಸವತಿಗಂಧವಾರಣ ಬಸದಿಯನ್ನೂ ಮಾಡಿಸಿದಳು. ಅದೇ ಕಾಲದಲ್ಲಿ ಅರಸನ ಅಧಿಕಾರಿ ಕೇತಮಲ್ಲನು ಅರಸನ ಹೆಸರಿನಲ್ಲಿ ಶಿವಾಲಯವನ್ನು ಎತ್ತಿಸುತ್ತಿದ್ದನು. ಇಂದು ಜನ ಮುತ್ತುವ ಹೊಯ್ಸಳೇಶ್ವರವೇ ಅದು. ವೈಷ್ಣವನಾದ ಅರಸ, ಅವನ ಹೆಸರಿನ ಶಿವಾಲಯ, ಅವನ ಅರಸಿಯ ಬಸದಿ! ನಮ್ಮ ಕಾಲದ ಪಕ್ಷಪಂಗಡಗಳ ಪೆಟ್ಟಿಗೆಯಲ್ಲಿ ಈ ಮನೆತನವನ್ನು ತುರುಕಲು ಹೊರಟರೆ ಮುಚ್ಚಳವೇ ಮುಚ್ಚುವುದಿಲ್ಲ.

ಈ ರೀತಿ ವಿಷ್ಣುವರ್ಧನನೊಂದಿಗೆ ಮುಗಿಯಲೂ ಇಲ್ಲ. ಬಸದಿಹಳ್ಳಿಯ ಶಾಂತಿನಾಥ ಬಸದಿ ಅವನ ಮೊಮ್ಮಗ ವೀರಬಲ್ಲಾಳನ ಕಾಲದ್ದು. ಅರಸೀಕೆರೆಯಲ್ಲಿ ಸುಮಾರು 1220ರಲ್ಲಿ, ನಕ್ಷತ್ರದಂತೆ ಮೂಲೆ ಚಾಚಿದ ಮುಖಮಂಟಪವುಳ್ಳ ಈಶ್ವರ ದೇವಾಲಯ ಎದ್ದ ಕಾಲದಲ್ಲಿಯೇ, ರೇಚರಸನು ಸಹಸ್ರಕೂಟ ಜಿನಾಲಯವನ್ನು ಮಾಡಿಸಿದನು. ಜಂಕ್ಷನ್ನಿನಲ್ಲಿ ರೈಲು ಬದಲಾಯಿಸುವಾಗ ಎರಡು ಗಂಟೆಯ ಕಾಲ ಕಾಫಿಯ ಲೋಟವನ್ನು ದಿಟ್ಟಿಸಿಕೊಂಡು ಕೂರುವ ವಿದ್ಯಾವಂತರಲ್ಲಿ ಎಷ್ಟು ಮಂದಿ ಇವೆರಡನ್ನೂ ನೋಡಿಬಂದಿರುವರೋ!

ಹಾಗಾದರೆ ಏಳುನೂರಿಪ್ಪತ್ತು ಬಸದಿಗಳು ಎಲ್ಲಿ ಹೋದುವೆಂದು ಕೇಳುವರು. ಆ ಸಂಖ್ಯೆಯೇ ಪುರಾಣದ ಸಂಖ್ಯೆ. ಅದಿರಲಿ, ಮಹಾನಗರದಲ್ಲಿ ಇಂದು ಉಳಿದಿರುವುದಕ್ಕಿಂತ ಹೆಚ್ಚು ಬಸದಿಗಳೂ ಗುಡಿಗಳೂ ಇದ್ದುವೆಂಬುದರಲ್ಲಿ ಸಂಶಯವಿಲ್ಲ. ಇಲ್ಲದಾದ ಪ್ರತಿಯೊಂದು ಕಟ್ಟಡಕ್ಕೂ ಒಬ್ಬ ಕೆಡಹಿದವನನ್ನು ಹುಡುಕುವುದು ಚರಿತ್ರೆಯ ಕ್ರಮವಲ್ಲ, ಪೋಲೀಸಿನ ಕ್ರಮ. ಬಸದಿಹಳ್ಳಿಯ ನೆರೆಯಲ್ಲಿಯೇ ಕೇದಾರೇಶ್ವರವಿದೆ. ವೀರಬಲ್ಲಾಳನೂ ಅವನ ರಾಣಿ ಅಭಿನವ ಕೇತಲದೇವಿಯೂ 1219ರ ಸುಮಾರಿನಲ್ಲಿ ಕಟ್ಟಿಸಿದ ಗುಡಿ. ಜೇಮ್ಸ್ ಫರ್ಗುಸನ್ ಸಾಹೇಬನು ಮುಕ್ತಕಂಠದಿಂದ ಹೊಗಳಿದ ಅದರ ಶಿಖರವು ಹತ್ತೊಂಬತ್ತನೆಯ ಶತಮಾನದಲ್ಲಿ ಬಿದ್ದುಹೋಯಿತು. ಅಲ್ಲಿಗೆ ಯಾವ ಮತದ್ವೇಷಿ ಬಂದಿದ್ದನು? ಯಾವ ಸುಲ್ತಾನನ ದಂಡು ಬಂದಿತ್ತು? ಶಿಖರದ ಸಂದಿನಲ್ಲಿ ಒಂದು ಆಲದ ಸಸಿ ಹುಟ್ಟಿತು, ಅದನ್ನು ಕೀಳುವವರಿರಲಿಲ್ಲ, ಸಸಿಯು ಮರವಾಗಿ ಕಲ್ಲುಗಳನ್ನು ಒಂದೊಂದಾಗಿ ಸಡಿಲಿಸಿತು. ಪಾಳುಗುಡಿಯ ಕಲ್ಲು ಕೆರೆಯ ಏರಿಗೂ ಮನೆಯ ಪಾಯಕ್ಕೂ ಹೋಗುವುದು ನಾಡಿನಲ್ಲೆಲ್ಲ ಕಂಡ ಸಂಗತಿಯೇ. ನಮ್ಮ ಔದಾಸೀನ್ಯದ ಲೆಕ್ಕವನ್ನು ವಿಷ್ಣುವರ್ಧನನ ತಲೆಗೆ ಕಟ್ಟುವುದು ಸುಲಭ. ಅವನು ಬಂದು ಉತ್ತರ ಹೇಳುವುದಿಲ್ಲವಷ್ಟೆ.

ಇದರ ಜೊತೆಗೆ ಇನ್ನೊಂದು ಮಾತೂ ರೂಢಿಯಲ್ಲಿದೆ: 1311ರಲ್ಲಿ ಮಲ್ಲಿಕಾಫರನು ಬಂದನು, ಊರು ಮುಗಿಯಿತು, ಎಂಬುದು. ಆ ದಾಳಿಯೂ, 1327ರ ದಾಳಿಯೂ ನಡೆದದ್ದು ನಿಜ. ಊರಿನ ಐಶ್ವರ್ಯಕ್ಕೆ ದೊಡ್ಡ ಪೆಟ್ಟು ಬಿದ್ದದ್ದು ನಿಜ. ರಾಜಧಾನಿಯ ಪದವಿ ಮರಳಿ ಬಾರದಂತೆ ಹೋದದ್ದೂ ನಿಜ. ಆದರೆ ಅರಸು ಹೋದ ಮಾತ್ರಕ್ಕೆ ಕೇರಿ ಹೋಗುವುದಿಲ್ಲ. ಶೆಟ್ಟರು, ಪೂಜಾರಿಗಳು, ಒಕ್ಕಲುಮಕ್ಕಳು ಅರಸನ ಹಿಂದೆಯೇ ಗಂಟುಕಟ್ಟಿ ಹೊರಡುವರೇನು? ಬಸದಿಹಳ್ಳಿಯ ಇನ್ನೊಂದು ಶಾಸನ ಇದಕ್ಕೆ ಸಾಕ್ಷಿ. ಅದರ ಕಾಲ 1638; ಎಂದರೆ ಮಲ್ಲಿಕಾಫರನು ಬಂದುಹೋಗಿ ಮುನ್ನೂರು ವರ್ಷಗಳ ಮೇಲಾಗಿತ್ತು. ಆಗ ಬೇಲೂರಿನಲ್ಲಿ ಆಳುತ್ತಿದ್ದವನು ವೆಂಕಟಾದ್ರಿನಾಯಕ.

ಸಂಗತಿ ಹೀಗಿದೆ. ಹುಚ್ಚಪ್ಪದೇವನೆಂಬ ವೀರಶೈವನು ವಿಜಯಪಾರ್ಶ್ವನಾಥ ಬಸದಿಯ ಕಂಬಗಳ ಮೇಲೆ ಲಿಂಗಮುದ್ರೆಯನ್ನು ಒತ್ತಿದನು. ವಿಜಯಪ್ಪನೆಂಬ ಜೈನನು ಅದನ್ನು ಅಳಿಸಿಬಿಟ್ಟನು. ಕಂಬವೆಂದರೆ ಸಾಮಾನ್ಯ ಕಂಬಗಳಲ್ಲ. ಹೊರಗಿನಿಂದ ಈ ಬಸದಿಯ ಗೋಡೆಗಳು ಸಾದಾ. ಹೊಯ್ಸಳೇಶ್ವರದ ಚಿತ್ರಗಳ ಸಂತೆಯನ್ನು ನೋಡಿಬಂದ ಕಣ್ಣಿಗೆ ಬೋಳೆನಿಸುವಷ್ಟು ಸಾದಾ. ಒಳಗೆ ನವರಂಗದಲ್ಲಿ ಬಳಪದ ಕಲ್ಲಿನ ಕಡೆದ ಕಂಬಗಳು ಮುಖ ಕಾಣುವಂತೆ ಹೊಳೆಯುತ್ತವೆ. ಅವುಗಳ ಆಚೆ, ಗರ್ಭಗೃಹದ ಕತ್ತಲಲ್ಲಿ, ಆಳೆತ್ತರವನ್ನು ಎರಡು ಪಟ್ಟು ಮೀರಿದ ಪಾರ್ಶ್ವನಾಥನು ನಿಶ್ಚಲನಾಗಿ ನಿಂತಿರುವನು. ಅಂಥ ಕಂಬದ ಮೇಲೆ ಒಂದು ಮುದ್ರೆ, ಅದರ ಮೇಲೆ ಒಂದು ಅಳಿಸುವಿಕೆ! ಊರು ಹೊತ್ತಿಕೊಳ್ಳುವುದಕ್ಕೆ ಇನ್ನೇನು ಬೇಕು?

ಊರು ಹೊತ್ತಿಕೊಳ್ಳಲಿಲ್ಲ. ಜೈನರ ಶೆಟ್ಟರು ಬಿನ್ನಹ ಮಾಡಿಕೊಂಡರು. ವೀರಶೈವರ ಮಹಾಮಹತ್ತಿನ ಹಿರಿಯರು ಕೂಡಿ ಕುಳಿತು ತೀರ್ಮಾನಿಸಿದರು: ಜೈನರು ಮೊದಲು ವಿಭೂತಿ ವೀಳ್ಯಗಳನ್ನು ಸಲ್ಲಿಸಿ, ಆಮೇಲೆ ಪೂರ್ವಮರ್ಯಾದೆಯಂತೆ ತಮ್ಮ ಪೂಜೆ ಪುನಸ್ಕಾರಗಳನ್ನೆಲ್ಲ ಆಚಂದ್ರಾರ್ಕವಾಗಿ ನಡೆಸಿಕೊಂಡು ಬರತಕ್ಕದ್ದು.

ಇದು ಸಮಾನರ ನಡುವಣ ಒಪ್ಪಂದವೆಂದು ಬಣ್ಣ ಹಚ್ಚುವುದು ಬೇಡ. ತಮ್ಮ ಬಸದಿಯಲ್ಲಿ ತಮ್ಮ ದೇವರನ್ನು ಪೂಜಿಸುವುದಕ್ಕೆ ಮೊದಲು ಇತರರ ಮತಚಿಹ್ನೆಗೆ ಗೌರವ ಸಲ್ಲಿಸಬೇಕೆಂಬ ವಿಧಿ, ಬಲವುಳ್ಳವರು ಬಲವಿಲ್ಲದವರಿಗೆ ಹಾಕಿದ ವಿಧಿಯೇ ಸರಿ. 1368ರಲ್ಲಿ ಬುಕ್ಕರಾಯನು ಜೈನರಿಗೂ ಶ್ರೀವೈಷ್ಣವರಿಗೂ ರಾಜಿ ಮಾಡಿಸಿ ಬೆಳ್ಗೊಳದಲ್ಲಿ ಶಾಸನ ಹಾಕಿಸಿದಾಗ ನಡುವೆ ಅರಸನಿದ್ದನು. ಇಲ್ಲಿ ತೀರ್ಮಾನಿಸಿದವರೇ ಒಂದು ಪಕ್ಷದವರು. ಆದುದರಿಂದ ನಮ್ಮ ಪೂರ್ವಿಕರಲ್ಲಿ ಜಗಳವೇ ಇರಲಿಲ್ಲವೆಂದು ಹಾಡುವವರಿಗೂ ಈ ಕಲ್ಲು ಅನುಕೂಲವಾಗುವುದಿಲ್ಲ. ಜಗಳವಿತ್ತು, ಅಸಮತೆಯಿತ್ತು, ಆದರೂ ಬಸದಿಯ ಬಾಗಿಲು ಮುಚ್ಚಲಿಲ್ಲ, ಮುಚ್ಚಿಸಬೇಕೆಂದು ಬಲವುಳ್ಳವರೂ ಹೇಳಲಿಲ್ಲ. ಏಳುನೂರಿಪ್ಪತ್ತರ ಕಥೆಯಲ್ಲಾಗಲಿ, ಎಲ್ಲರೂ ಅಣ್ಣತಮ್ಮಂದಿರಂತಿದ್ದರೆಂಬ ಸಭೆಯ ಭಾಷಣದಲ್ಲಾಗಲಿ ಇಷ್ಟು ಕಷ್ಟದ ಸತ್ಯಕ್ಕೆ ಎಡೆಯಿಲ್ಲ.

2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ಮೂರು ದೇವಾಲಯಗಳು ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ಸಂತೋಷದ ಸಂಗತಿ. ಹಳೇಬೀಡಿನ ಹೆಸರಿನಲ್ಲಿ ಸೇರಿದ್ದು ಹೊಯ್ಸಳೇಶ್ವರ. ಇನ್ನು ಮುಂದೆ ಯಾತ್ರಿಕರು ಇನ್ನಷ್ಟು ಬರುವರು, ಬಸ್ಸುಗಳು ಇನ್ನಷ್ಟು ನಿಲ್ಲುವುವು, ಗಾಣದ ಕಥೆಯೂ ಇನ್ನಷ್ಟು ಕಿವಿಗಳಿಗೆ ಬೀಳುವುದು. ಮಕ್ಕಳನ್ನು ಕರೆತರುವ ಉಪಾಧ್ಯಾಯರಿಗೆ ಒಂದು ಮೈಲಿಯೂ ಇಲ್ಲದ ದಾರಿ ನಡೆಯುವುದು ಭಾರವಾಗಬಾರದು. ಶಾಸನಗಳ ಅಕ್ಷರ ಓದಲು ಬಾರದೆಂಬ ನೆಪವೂ ಸಲ್ಲದು, ಬಿ. ಎಲ್. ರೈಸ್ ಸಾಹೇಬರು ಹಾಸನ ಜಿಲ್ಲೆಯ ಶಾಸನಗಳ ಸಂಪುಟವನ್ನು ಅಚ್ಚುಹಾಕಿಸಿದ್ದು 1902ರಲ್ಲಿ. ಹುಡುಗರನ್ನು ನವರಂಗದಲ್ಲಿ ಕೂರಿಸಿ, 1133ರ ಶಾಸನವನ್ನೂ 1638ರ ಶಾಸನವನ್ನೂ ಒಂದರ ಹಿಂದೆ ಒಂದು ಓದಿಹೇಳಲಿ. ಎರಡನೆಯದರ ಕೊನೆಯನ್ನು ಬಿಡದೆ ಓದಲಿ: ಈ ಜೈನಧರ್ಮಕ್ಕೆ ಅಡ್ಡಬಂದವನು ಶಿವದ್ರೋಹಿ, ಜಂಗಮದ್ರೋಹಿ, ವಿಭೂತಿ ರುದ್ರಾಕ್ಷಿಗಳಿಗೆ ದ್ರೋಹಿ ಎಂದು ಅಲ್ಲಿ ಬರೆಯಿಸಿದವರು ಜೈನರಲ್ಲ, ಲಿಂಗವನ್ನು ಕಟ್ಟಿದ್ದ ಹಿರಿಯರು.