ಸೋರುವ ನಳ ಯಾರ ಹೊಣೆ?



ಕೆಲವು ವರ್ಷಗಳ ಹಿಂದೆ ನಾಂದಣಿ ಭಾಗದ ಒಂದು ಚಾಳಿನವರ ಜೊತೆ ನೀರಿನ ತಕರಾರು ಹೇಳಲು ನಾವು ಒಂದು ಕಚೇರಿಗೆ ಹೋಗಿದ್ದೆವು. ಅರ್ಜಿ ಓದಿದ ಸಾಹೇಬರು ಚಾಳಿಗೇ ಬಂದು ನೋಡಿದರು. ಹತ್ತು ಮನೆಗಳಲ್ಲಿ ನಾಲ್ಕು ಮನೆಯ ನಳ ತೊಟ್ಟಿಕ್ಕುತ್ತಿದ್ದವು. ಮೊದಲು ಇದನ್ನು ನಿಲ್ಲಿಸಿರಿ, ಆಮೇಲೆ ನೀರು ಕೇಳಿರಿ ಎಂದು ಹೇಳಿ ಹೊರಟುಹೋದರು. ನಮ್ಮ ಬೇಡಿಕೆ ನ್ಯಾಯವಾದದ್ದೇ ಆಗಿತ್ತು. ಆದರೂ ಆ ಹೊತ್ತಿನಲ್ಲಿ ನಮ್ಮ ಬಾಯಿ ಕಟ್ಟಿತು. ಆ ನಾಚಿಕೆ ಇನ್ನೂ ಮರೆತಿಲ್ಲ.

ನಮ್ಮದು ನದಿಗಳ ಸೀಮೆ. ಪಂಚಗಂಗೆ ನರಸೋಬಾವಾಡಿಯಲ್ಲಿ ಕೃಷ್ಣೆಯನ್ನು ಕೂಡುತ್ತದೆ. 2005, 2019, 2021ರ ಮಹಾಪೂರಗಳಲ್ಲಿ ಶಿರೋಳ ತಾಲೂಕಿನ ಎಷ್ಟೋ ಊರುಗಳು ಮುಳುಗಿದವು. ಆದರೆ ಕುಡಿಯುವ ನೀರಿಗೆ ಕೊಡ ಹಿಡಿದು ಸರದಿ ನಿಲ್ಲುವುದು ಮಾತ್ರ ನಮ್ಮ ತಾಯಂದಿರಿಗೆ ತಪ್ಪಿಲ್ಲ. ಹಾಗೆ ತಂದು ತೊಟ್ಟಿ ತುಂಬಿಸಿದ ನೀರು ರಾತ್ರಿಯೆಲ್ಲ ತೊಟ್ಟಿಕ್ಕಿ ಗಟಾರಕ್ಕೆ ಹೋಗುವುದು ಸರಿಯೇ?

ತೊಟ್ಟಿಕ್ಕುವುದು ಎಷ್ಟು ಎಂಬುದನ್ನು ಯಾರೂ ಹೇಳಬೇಕಾಗಿಲ್ಲ. ನಳದ ಕೆಳಗೆ ಒಂದು ತಂಬಿಗೆ ಇಡಿರಿ. ಒಂದು ಗಂಟೆಗೆ ಅರ್ಧ ಲೀಟರ್ ಕೂಡಿದರೆ ದಿನಕ್ಕೆ 12 ಲೀಟರ್ ಆಯಿತು. 2019ರಲ್ಲಿ ಆರಂಭವಾದ ಜಲ ಜೀವನ ಯೋಜನೆಯು ಹಳ್ಳಿಯ ಒಬ್ಬರಿಗೆ ದಿನಕ್ಕೆ 55 ಲೀಟರ್ ಎಂದು ಗೊತ್ತುಮಾಡಿದೆ. ಅಂದರೆ ಒಬ್ಬರ ಪಾಲಿನ ಐದನೇ ಒಂದಕ್ಕಿಂತ ಹೆಚ್ಚು ನೀರನ್ನು ಒಂದು ಹಳೆಯ ನಳವೇ ಕುಡಿದುಬಿಡುತ್ತದೆ.

ರಿಪೇರಿ ದೊಡ್ಡ ವಿದ್ಯೆಯಲ್ಲ. ಹಳೆಯ ಹಿತ್ತಾಳೆ ನಳದೊಳಗೆ ಒಂದು ಚಿಕ್ಕ ವಾಷರ್ ಇರುತ್ತದೆ. ಹಿಡಿಕೆ ತಿರುಗಿಸಿದಾಗ ಅದು ಕೆಳಗಿಳಿದು ನೀರಿನ ದಾರಿಯನ್ನು ಒತ್ತಿ ಮುಚ್ಚುತ್ತದೆ. ವಾಷರ್ ಸವೆದರೆ ಅಥವಾ ಬಿರುಸಾದರೆ ನೀರು ತೊಟ್ಟಿಕ್ಕುತ್ತದೆ. ಆಗ ನಾವು ಜೋರು ಹಾಕಿ ಬಿಗಿಯುತ್ತೇವೆ. ಇದರಿಂದ ವಾಷರ್ ಇನ್ನೂ ಬೇಗ ಹಾಳಾಗುತ್ತದೆ.

ಮೊದಲು ತೊಟ್ಟಿಯ ವಾಲ್ವ್ ಮುಚ್ಚಿರಿ. ನಳ ತೆರೆದು ಪೈಪಿನಲ್ಲಿ ಉಳಿದ ನೀರನ್ನು ಬಿಡಿರಿ. ಒಂದು ಪಾನಾದಿಂದ ನಳದ ಮೈಯನ್ನು ಹಿಡಿದು, ಇನ್ನೊಂದರಿಂದ ಮೇಲಿನ ತಲೆಯನ್ನು ಎಡಕ್ಕೆ ಬಿಚ್ಚಿರಿ. ಒಂದೇ ಪಾನಾದಿಂದ ತಿರುಗಿಸಿದರೆ ತುಕ್ಕು ಹಿಡಿದ ಹಳೆಯ ಪೈಪೇ ಮುರಿದೀತು. ಹಳೆಯ ವಾಷರನ್ನು ಅಂಗಡಿಗೆ ಒಯ್ದು ಅದೇ ಅಳತೆಯದನ್ನು ತನ್ನಿರಿ. ಅದರ ಬೆಲೆ ಕೆಲವೇ ರೂಪಾಯಿ. ವಾಷರ್ ಕೂರುವ ಜಾಗವನ್ನು ಬಟ್ಟೆಯಿಂದ ಒರೆಸಿ, ಬೆರಳಿನಿಂದ ಸವರಿ ನೋಡಿರಿ. ಅಲ್ಲಿ ಗುಳಿ ಬಿದ್ದಿದ್ದರೆ ಹೊಸ ವಾಷರ್ ಹಾಕಿದರೂ ಸೋರುವುದು ನಿಲ್ಲದು, ನಳವನ್ನೇ ಬದಲಿಸಬೇಕು. ನೀರು ಬಾಯಿಯಿಂದ ಬಾರದೆ ಹಿಡಿಕೆಯ ಬುಡದಿಂದ ಬಂದರೆ ಅಲ್ಲಿಯ ನಟ್ಟನ್ನು ಸ್ವಲ್ಪ ಬಿಗಿಯಿರಿ. ಆಗಲೂ ನಿಲ್ಲದಿದ್ದರೆ ನಟ್ಟು ಬಿಚ್ಚಿ, ಗ್ರೀಸ್ ಹಚ್ಚಿದ ಹತ್ತಿಯ ದಾರವನ್ನು ಸುತ್ತಿ ಮತ್ತೆ ಕೂರಿಸಿರಿ.

ಇಚಲಕರಂಜಿಯ ಮಗ್ಗಗಳಲ್ಲಿ ದಿನವೆಲ್ಲ ನಟ್ಟು ಬಿಗಿಯುವ ಕೈಗಳಿಗೆ ಇದು ಹೊಸದಲ್ಲ. ಮನೆಗೆ ಬಂದಾಗ ಮಾತ್ರ ಆ ಕೈ ಏಳುವುದಿಲ್ಲ. ಹೆಣ್ಣುಮಕ್ಕಳೂ ಇದನ್ನು ಕಲಿಯಲಿ. ನೀರು ಹೊರುವವರಿಗೇ ನೀರಿನ ಬೆಲೆ ಹೆಚ್ಚು ಗೊತ್ತು. ಚಾಳಿಗೆ ಎರಡು ಪಾನಾ, ಒಂದು ಡಬ್ಬಿ ವಾಷರ್ ಕೂಡಿ ಕೊಂಡರೆ ಎಲ್ಲ ಮನೆಗೂ ಸಾಕು.

ಆದರೆ ಒಂದು ಎಚ್ಚರಿಕೆ. ನಳ ನಾವೇ ರಿಪೇರಿ ಮಾಡಿಕೊಂಡೆವೆಂದು ಉಳಿದವರ ಹೊಣೆ ಮುಗಿಯಲಿಲ್ಲ. ನೆಲದೊಳಗೆ ಒಡೆದ ಪೈಪು ನಮ್ಮ ಪಾನಾಕ್ಕೆ ಸಿಗುವಂಥದ್ದಲ್ಲ. ಸರದಿಯ ನೀರು ನಿಂತಾಗ ಪೈಪು ಬರಿದಾಗಿ, ಒಡಕಿನಿಂದ ಗಟಾರದ ಹೊಲಸನ್ನು ಒಳಗೆ ಎಳೆದುಕೊಳ್ಳುತ್ತದೆ. ಕೆಟ್ಟ ನೀರು ಏನು ಮಾಡುತ್ತದೆ ಎಂಬುದನ್ನು 2012ರಲ್ಲಿ ಇಚಲಕರಂಜಿ ಕಂಡಿದೆ. ಕಾಮಾಲೆ ಹಬ್ಬಿ ಸಾವಿರಾರು ಜನ ಹಾಸಿಗೆ ಹಿಡಿದರು, ಹಲವರು ತೀರಿಕೊಂಡರು. ಆದ್ದರಿಂದ ಅಂಥ ಒಡಕು ಕಂಡ ದಿನವೇ ಬರವಣಿಗೆಯಲ್ಲಿ ತಕರಾರು ಕೊಟ್ಟು, ಅದರ ಪ್ರತಿಯ ಮೇಲೆ ಸಹಿ ಪಡೆಯಿರಿ.

ಕಾಫಿ, ಚಹಾ ತೋಟಗಳ ಲೈನು ಮನೆಗಳಲ್ಲಿರುವ ನಮ್ಮ ಓದುಗರೂ ಇದನ್ನು ನೆನಪಿಡಬೇಕು. ವಸತಿ ಮತ್ತು ಕುಡಿಯುವ ನೀರಿನ ಹೊಣೆಯನ್ನು 1951ರ ತೋಟ ಕಾರ್ಮಿಕರ ಕಾಯಿದೆಯು ಮಾಲೀಕರ ಮೇಲೆ ಹೊರಿಸಿತ್ತು. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ 2020ರ ಹೊಸ ಸಂಹಿತೆ ಬಂದಿದೆ. ಅದರಲ್ಲಿಯೂ ಈ ಹೊಣೆ ಮಾಲೀಕರದೇ. ಕಾಯಿದೆಯ ಹೆಸರು ಬದಲಾಯಿತೆಂದು ಯಾರಾದರೂ ಹೇಳಿದರೆ ಸುಮ್ಮನೆ ಹಿಂದಿರುಗಬೇಡಿರಿ.

ವಾಷರ್ ನಮ್ಮ ಕೆಲಸ, ಪೈಪು ಅವರ ಕೆಲಸ. ನಮ್ಮದನ್ನು ಈ ಭಾನುವಾರವೇ ಮುಗಿಸೋಣ. ಮುಂದಿನ ಸಲ ಸಾಹೇಬರು ಚಾಳಿಗೆ ಬಂದಾಗ ಒಂದು ನಳವೂ ತೊಟ್ಟಿಕ್ಕಬಾರದು. ಆಗ ಮಾತನಾಡುವ ಸರದಿ ನಮ್ಮದು.